ಅಂಗಡಿಯವನ ಮೊದಲ ಅನುಮಾನ ಯಾರ ಮೇಲೆ?

ವ್ಯಾಪಾರದಲ್ಲಿ ಪ್ರಾಮಾಣಿಕತೆ ಎಂದೊಡನೆ ನಮಗೆ ಮೊದಲು ನೆನಪಾಗುವುದು ತಕ್ಕಡಿ. ತೂಕದಲ್ಲಿ ಮೋಸ ಮಾಡಬಾರದು, ಅಳತೆಯಲ್ಲಿ ಕಡಿಮೆ ಮಾಡಬಾರದು, ಕೆಟ್ಟ ಸರಕನ್ನು ಒಳ್ಳೆಯದರ ಕೆಳಗೆ ಅಡಗಿಸಬಾರದು. ಮದ್ರಸದ ಸಣ್ಣ ಮಕ್ಕಳೂ ಈ ಪಾಠವನ್ನು ಒಪ್ಪಿಸುತ್ತಾರೆ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ ಅಳತೆಯಲ್ಲಿ ವಂಚಿಸುವವರ ಹೆಸರೇ ಇದೆ.

ಆದರೆ ಅಂಗಡಿಯಲ್ಲಿ ಇನ್ನೊಂದು ತಕ್ಕಡಿಯೂ ಇರುತ್ತದೆ. ಅದು ಗಿರಾಕಿಗೆ ಕಾಣಿಸುವುದಿಲ್ಲ. ಗಲ್ಲೆಯಲ್ಲಿ ಕುಳಿತವನ ಕಣ್ಣಿನಲ್ಲಿ ಅದು ಇರುತ್ತದೆ. ಬಾಗಿಲು ದಾಟಿ ಬಂದ ವ್ಯಕ್ತಿಯ ಬಣ್ಣ, ಬಟ್ಟೆ, ಮಾತಿನ ಧಾಟಿಯನ್ನು ನೋಡಿ ಅದು ಕ್ಷಣ ಮಾತ್ರದಲ್ಲಿ ತೂಗಿಬಿಡುತ್ತದೆ. ಒಬ್ಬರಿಗೆ ಕುರ್ಚಿ, ಇನ್ನೊಬ್ಬರ ಹಿಂದೆ ಕಣ್ಣಿಡಲು ಕೆಲಸದ ಹುಡುಗ! ಈ ತಕ್ಕಡಿಯಲ್ಲಿ ಮೋಸವಾದರೆ ಯಾವ ಅಧಿಕಾರಿಯೂ ಬಂದು ಮುದ್ರೆ ಪರೀಕ್ಷಿಸುವುದಿಲ್ಲ. ಆದರೆ ಅದರಿಂದ ಜೀವಗಳೇ ಹೋಗಿವೆ.

ಸಹೋದರಿಯರೇ, 2020ರಲ್ಲಿ ಅಮೆರಿಕದ ಅನೇಕ ಅಂಗಡಿಗಳ ಗಾಜಿನ ಮೇಲೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂಬ ಫಲಕಗಳು ಕಾಣಿಸಿಕೊಂಡವು. ಕಪ್ಪು ಜನರ ಜೀವಕ್ಕೂ ಬೆಲೆಯಿದೆ ಎಂದು ಸಾರುವ ಫಲಕಗಳವು. ನಾವು ವರ್ಣಭೇದದ ವಿರುದ್ಧ ಇದ್ದೇವೆ ಎಂದು ಸಣ್ಣ ಹೊಟೇಲುಗಳು, ಕಾಫಿ ಅಂಗಡಿಗಳು, ಹೊಲಿಗೆ ಅಂಗಡಿಗಳು ಕೂಡಾ ಘೋಷಿಸಿದವು. ಆಗ ‘ಅಲೈಶಿಪ್’ ಎಂಬ ಪದ ಎಲ್ಲರ ಬಾಯಲ್ಲಿತ್ತು. ಏಟು ತನಗೆ ಬಿದ್ದಿಲ್ಲವಾದರೂ ಏಟು ತಿಂದವನ ಪಕ್ಕದಲ್ಲಿ ಹೋಗಿ ನಿಲ್ಲುವುದು ಎಂಬುದೇ ಆ ಪದದ ಸರಳ ಅರ್ಥ. ಒಳ್ಳೆಯ ಮಾತೇ. ಆದರೆ ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನಮ್ಮಲ್ಲಿದೆಯಲ್ಲ? ಫಲಕ ಅಂಟಿಸಿದ ಮರುದಿನ ಆ ಅಂಗಡಿಯಲ್ಲಿ ಬದಲಾಗಬೇಕಾದದ್ದೇನು ಎಂಬುದೇ ನಿಜವಾದ ಪ್ರಶ್ನೆ.

ದೊಡ್ಡ ಕಂಪೆನಿಗಳ ದಾರಿ ಬೇರೆ. 2018ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ನಗರದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯೊಂದರಲ್ಲಿ ಇಬ್ಬರು ಕಪ್ಪು ಯುವಕರು ಯಾರನ್ನೋ ಭೇಟಿಯಾಗಲು ಕಾಯುತ್ತಾ ಕುಳಿತಿದ್ದರು. ಏನೂ ಖರೀದಿಸದೆ ಕುಳಿತಿದ್ದಾರೆಂದು ಅಂಗಡಿಯಿಂದ ಪೊಲೀಸರಿಗೆ ಕರೆ ಹೋಯಿತು. ಅವರಿಗೆ ಕೈಕೋಳ ಬಿತ್ತು. ದೇಶವೆಲ್ಲ ಗದ್ದಲವಾದ ಮೇಲೆ ಕಂಪೆನಿಯು ಮೇ 29ರಂದು ಮಧ್ಯಾಹ್ನದ ನಂತರ 8,000ಕ್ಕೂ ಹೆಚ್ಚು ಅಂಗಡಿಗಳನ್ನು ಮುಚ್ಚಿ ಸಿಬ್ಬಂದಿಗೆ ತರಬೇತಿ ನೀಡಿತು. ಸಣ್ಣ ಅಂಗಡಿಗೆ ತರಬೇತುದಾರರೂ ಇಲ್ಲ, ಜಾಹೀರಾತು ವಿಭಾಗವೂ ಇಲ್ಲ. ಮಾಲಕನ ಕಣ್ಣು, ಮಾಲಕನ ನಾಲಿಗೆ, ಮಾಲಕನ ಕೈ, ಇವೇ ಅದರ ನೀತಿ. ಹಾಗಾಗಿ ಅಲ್ಲಿ ಕೆಡುವುದೂ ಸುಲಭ, ಸರಿಪಡಿಸುವುದೂ ಸುಲಭ.

ಒಂದು ಬಾಟಲಿ ಹಣ್ಣಿನ ರಸ

1991ರ ಮಾರ್ಚ್ 16ರಂದು ಲಾಸ್ ಏಂಜಲೀಸ್ ನಗರದಲ್ಲಿ ನಡೆದ ಘಟನೆಯನ್ನು ನೋಡಿ. ಲಟಾಶಾ ಹಾರ್ಲಿನ್ಸ್ ಎಂಬ ಹದಿನೈದರ ಕಪ್ಪು ಬಾಲಕಿ ಕೊರಿಯಾ ಮೂಲದ ಕುಟುಂಬವೊಂದರ ಅಂಗಡಿಗೆ ಬಂದಳು. 1 ಡಾಲರ್ 79 ಸೆಂಟ್ ಬೆಲೆಯ ಕಿತ್ತಳೆ ರಸದ ಬಾಟಲಿ ತೆಗೆದು ಬೆನ್ನಚೀಲದಲ್ಲಿಟ್ಟು ಗಲ್ಲೆಯತ್ತ ನಡೆದಳು. ಗಲ್ಲೆಯಲ್ಲಿದ್ದ ಮಹಿಳೆಗೆ ಅವಳು ಕಳ್ಳಿಯಂತೆ ಕಂಡಳು. ಮಾತಿಗೆ ಮಾತು ಬೆಳೆಯಿತು, ಎಳೆದಾಟವಾಯಿತು. ಬಾಲಕಿ ಬಾಟಲಿಯನ್ನು ಬಿಟ್ಟು ಹೊರಡಲು ತಿರುಗಿದಾಗ ಹಿಂದಿನಿಂದ ಗುಂಡು ಹಾರಿತು. ತಲೆಗೆ ಗುಂಡು ತಗಲಿ ಬಿದ್ದ ಆ ಮಗುವಿನ ಕೈಯಲ್ಲಿ ಎರಡು ಡಾಲರ್ ಇತ್ತು.

ಅಂಗಡಿಯ ಆ ಮಹಿಳೆ ರಾಕ್ಷಸಿಯಾಗಿರಲಿಲ್ಲ. ಆಕೆಯೂ ಪರದೇಶದಿಂದ ಬಂದು ಹಗಲಿರುಳು ದುಡಿಯುತ್ತಿದ್ದ ತಾಯಿ. ಅಂಗಡಿಯಲ್ಲಿ ಹಿಂದೆ ಕಳ್ಳತನಗಳಾಗಿದ್ದವು, ಬೆದರಿಕೆಗಳೂ ಬಂದಿದ್ದವು. ಅವಳ ಭಯ ಸುಳ್ಳಲ್ಲ. ಆದರೆ ಯಾರೋ ಕೆಲವರು ಮಾಡಿದ ತಪ್ಪಿನ ಭಯವನ್ನು ಅದೇ ಬಣ್ಣದ ಒಂದು ಮಗುವಿನ ಮೇಲೆ ಹೊರಿಸಿದ್ದೇ ಅಪರಾಧವಾಯಿತು. ಜೂರಿಯು ತಪ್ಪಿತಸ್ಥೆ ಎಂದರೂ ನ್ಯಾಯಾಲಯ ಅವಳಿಗೆ ಜೈಲು ಶಿಕ್ಷೆ ಅನುಭವಿಸುವಂತೆ ಮಾಡಲಿಲ್ಲ. 500 ಡಾಲರ್ ದಂಡ ಮತ್ತು 400 ಗಂಟೆಗಳ ಸಮಾಜಸೇವೆಯಲ್ಲಿ ಅದು ಮುಗಿಯಿತು. 1992ರ ಏಪ್ರಿಲ್ ಕೊನೆಯಲ್ಲಿ ಬೇರೊಂದು ತೀರ್ಪಿನಿಂದ ಆ ನಗರ ಹೊತ್ತಿ ಉರಿದಾಗ ಕೊರಿಯನ್ನರ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳು ಹಾನಿಗೊಳಗಾದವು. ಎದೆಯಲ್ಲಿ ಅಡಗಿದ್ದ ಕೆಂಡ ಬೆಂಕಿಯಾಗಲು ಒಂದು ಗಾಳಿ ಸಾಕಾಯಿತು. ಲಟಾಶಾಳನ್ನು ಕಂಡೇ ಇರದ ಅಂಗಡಿಯವರೂ ಅದರಲ್ಲಿ ಎಲ್ಲವನ್ನೂ ಕಳಕೊಂಡರು.

ಇಪ್ಪತ್ತು ಡಾಲರಿನ ನೋಟು

ಇನ್ನು 2020ರ ಮೇ 25ರ ಸಂಜೆಗೆ ಬನ್ನಿ. ಜಾರ್ಜ್ ಫ್ಲಾಯ್ಡ್‌ನ ಹೆಸರು ನೀವೆಲ್ಲ ಕೇಳಿದ್ದೀರಿ. ಪೊಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಅವನ ಕುತ್ತಿಗೆಯ ಮೇಲೆ ಮೊಣಕಾಲು ಊರಿ ಅವನನ್ನು ಕೊಂದ ದೃಶ್ಯವನ್ನು ಜಗತ್ತೇ ನೋಡಿತು. ಆದರೆ ಆ ಘಟನೆಯ ಆರಂಭ ಎಲ್ಲಿ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅದು ಆರಂಭವಾದದ್ದು ಮಿನಿಯಾಪೊಲಿಸ್ ನಗರದ ಒಂದು ಮೂಲೆ ಅಂಗಡಿಯಲ್ಲಿ. ಆಗ ಅದರ ಹೆಸರು ‘ಕಪ್ ಫುಡ್ಸ್’. ಅದು ಫೆಲೆಸ್ತೀನ್ ಮೂಲದ ಮುಸ್ಲಿಮ್ ಕುಟುಂಬವೊಂದು 1989ರಿಂದ ನಡೆಸುತ್ತಿದ್ದ ಅಂಗಡಿ.

ಫ್ಲಾಯ್ಡ್ ಸಿಗರೇಟಿಗೆ ಕೊಟ್ಟ 20 ಡಾಲರಿನ ನೋಟು ನಕಲಿ ಇರಬಹುದೆಂದು ಗಲ್ಲೆಯಲ್ಲಿದ್ದ 19 ವರ್ಷದ ಹುಡುಗನಿಗೆ ಅನಿಸಿತು. ಅವನೂ ಕಪ್ಪು ಯುವಕ. 2021ರಲ್ಲಿ ನ್ಯಾಯಾಲಯದಲ್ಲಿ ಆ ಹುಡುಗ ಕೊಟ್ಟ ಸಾಕ್ಷ್ಯ ಮನಕಲಕುವಂತಹದು. ನಕಲಿ ನೋಟು ತೆಗೆದುಕೊಂಡ ನೌಕರನೇ ಆ ಹಣ ತುಂಬಿಕೊಡಬೇಕು ಎಂಬ ನಿಯಮ ಅಂಗಡಿಯಲ್ಲಿತ್ತು. ಫ್ಲಾಯ್ಡ್‌ಗೆ ನೋಟು ನಕಲಿಯೆಂದು ಗೊತ್ತಿರಲಿಕ್ಕಿಲ್ಲ ಎಂದು ಅವನಿಗೆ ತೋರಿತು. ತನ್ನ ಲೆಕ್ಕಕ್ಕೇ ಹಾಕಿಕೊಳ್ಳೋಣ ಎಂದು ಮೊದಲು ಯೋಚಿಸಿದ, ಮತ್ತೆ ಮ್ಯಾನೇಜರಿಗೆ ತಿಳಿಸಿದ. ಕೊನೆಗೆ ಇನ್ನೊಬ್ಬ ನೌಕರ ಪೊಲೀಸರಿಗೆ ಫೋನ್ ಮಾಡಿದ. ತಾನು ಆ ನೋಟನ್ನು ತೆಗೆದುಕೊಳ್ಳದೇ ಇದ್ದಿದ್ದರೆ ಇದು ತಪ್ಪುತ್ತಿತ್ತು ಎಂಬ ಕೊರಗನ್ನು ಹುಡುಗ ನ್ಯಾಯಾಲಯದಲ್ಲಿ ತೋಡಿಕೊಂಡ.

ಕೊಲೆಯ ಹೊಣೆ ಆ ಹುಡುಗನದ್ದಲ್ಲ, ಅಂಗಡಿಯದ್ದೂ ಅಲ್ಲ. ಅದು ಪೊಲೀಸನದ್ದು. ಅವನು ಅಪರಾಧಿಯೆಂದು ತೀರ್ಪಾಗಿ ಇಪ್ಪತ್ತೆರಡೂವರೆ ವರ್ಷಗಳ ಶಿಕ್ಷೆಯೂ ಆಯಿತು. ಆದರೂ ಇಲ್ಲಿ ಅಂಗಡಿಯವರು ಕಲಿಯಬೇಕಾದದ್ದೊಂದಿದೆ. ಇಪ್ಪತ್ತು ಡಾಲರ್ ನಷ್ಟವನ್ನು ಅಂಗಡಿ ತಾಳಿಕೊಳ್ಳಬಹುದಿತ್ತು. ಆದರೆ ನಿಯಮವು ಆ ಹೊರೆಯನ್ನು ಎಲ್ಲರಿಗಿಂತ ಕಡಿಮೆ ಸಂಬಳದ ಹುಡುಗನ ಹೆಗಲಿಗೆ ಹಾಕಿತ್ತು. ಅಂಗಡಿಯ ಒಂದು ಸಣ್ಣ ನಿಯಮ, ಒಂದು ಫೋನ್ ಕರೆ, ಇವು ಎಲ್ಲಿಗೆ ಹೋಗಿ ಮುಟ್ಟುತ್ತವೆಂದು ನಿಯಮ ಮಾಡುವಾಗ ಯಾರೂ ಯೋಚಿಸಿರುವುದಿಲ್ಲ. ನಕಲಿ ನೋಟು ಸಿಕ್ಕರೆ ಪೊಲೀಸರಿಗೆ ತಿಳಿಸುವುದು ಅಲ್ಲಿನ ವಾಡಿಕೆ. ಬಿಳಿಯ ಗಿರಾಕಿಯ ಮಟ್ಟಿಗೆ ಅದು ವಿಚಾರಣೆಯಲ್ಲಿ ಮುಗಿಯಬಹುದು. ಕಪ್ಪು ಗಿರಾಕಿಯ ಮಟ್ಟಿಗೆ ಅದು ಸಾವಾಗಬಹುದು ಎಂಬುದನ್ನು ಆ ಸಂಜೆ ತೋರಿಸಿತು.

ಅಂಗಡಿಯ ಮಾಲಕ ಮಹ್ಮೂದ್ ಅಬೂಮಯ್ಯಾಲ ಆ ಹೊತ್ತಿಗೆ ಅಂಗಡಿಯಲ್ಲಿರಲಿಲ್ಲ. ಅವರು ಬಳಿಕ ಹೇಳಿಕೆ ನೀಡಿ, ಪೊಲೀಸರು ಅಮಾಯಕರನ್ನು ಕೊಲ್ಲುವುದು ನಿಲ್ಲುವ ತನಕ ಇಂತಹ ವಿಷಯಗಳನ್ನು ಪೊಲೀಸರನ್ನು ಕರೆಯದೆ ತಾವೇ ಶಾಂತಿಯಿಂದ ಬಗೆಹರಿಸುವುದಾಗಿ ತಿಳಿಸಿದರು. ಎಲ್ಲರೂ ಅದನ್ನು ಒಪ್ಪಲಿಲ್ಲ. ಅಂಗಡಿಯನ್ನೇ ಬಹಿಷ್ಕರಿಸಬೇಕೆಂದವರೂ ಇದ್ದರು. ಆದರೆ ಆ ಹೇಳಿಕೆಯಲ್ಲಿ ಒಂದು ಗುಣವಿತ್ತು. ನಮಗೆ ಬಹಳ ದುಃಖವಾಗಿದೆ ಎಂಬಲ್ಲಿಗೆ ಅದು ನಿಲ್ಲಲಿಲ್ಲ. ನಾಳೆಯಿಂದ ಗಲ್ಲೆಯಲ್ಲಿ ಏನು ಬದಲಾಗುತ್ತದೆ ಎಂಬುದನ್ನೂ ಅದು ಹೇಳಿತು.

ಖುತ್ಬಾದಲ್ಲಿ ಬಿಲಾಲ್, ಗಲ್ಲೆಯಲ್ಲಿ?

ಅಮೆರಿಕದ ಕಪ್ಪು ಜನರ ಬಡಾವಣೆಗಳಲ್ಲಿ ಮುಸ್ಲಿಮರ ಅಂಗಡಿಗಳು ಇಷ್ಟೊಂದು ಏಕಿವೆ? ಕಾರಣ ಸರಳ. ಅಂತಹ ಬಡಾವಣೆಗಳಿಗೆ ದೊಡ್ಡ ಸೂಪರ್ ಮಾರ್ಕೆಟ್‌ಗಳು ಬರುವುದಿಲ್ಲ, ಬಂದವೂ ಮುಚ್ಚಿ ಹೋಗುತ್ತವೆ. ಬಾಡಿಗೆ ಕಡಿಮೆ. ಫೆಲೆಸ್ತೀನ್, ಯಮನ್, ಲೆಬನಾನ್‌ಗಳಿಂದ ಸಣ್ಣ ಬಂಡವಾಳದೊಂದಿಗೆ ಬಂದವರು ಅಲ್ಲಿ ಅಂಗಡಿ ತೆರೆದರು. ಗುಂಡು ತೂರದ ಗಾಜಿನ ಹಿಂದೆ ಕುಳಿತು ಸಿಗರೇಟು, ಚಿಪ್ಸ್, ಲಾಟರಿ ಟಿಕೆಟು ಮಾರಿದರು. ಕೆಲವರು ಮದ್ಯವನ್ನೂ ಮಾರಿದರು. ರಾತ್ರಿ ಗಲ್ಲೆ ಎಣಿಸಿ ದೂರದ ಬಡಾವಣೆಯ ತಮ್ಮ ಮನೆಗೆ ಹೋದರು. ಹಣ ಆ ಬೀದಿಯದು, ಬದುಕು ಬೇರೆ ಬೀದಿಯದು. ಗಿರಾಕಿಗಳ ಮನಸ್ಸಿನಲ್ಲಿ ಏನಿರಬಹುದು, ನೀವೇ ಊಹಿಸಿ.

ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. ಅರಬ್ ಅಂಗಡಿಗಳಲ್ಲಿ ಕೆಲವರು ಕಪ್ಪು ಗಿರಾಕಿಗಳನ್ನು ತಮ್ಮೊಳಗೆ ‘ಅಬೀದ್’ ಎಂದು ಕರೆಯುತ್ತಿದ್ದರು. ಗುಲಾಮರು ಎಂಬರ್ಥದ ಬೈಗುಳವದು. ಅರಬಿ ಓದಿದವರಿಗೆ ಈ ಪದ ಇರಿಯುತ್ತದೆ. ಅಬ್ದುಲ್ಲಾ, ಅಬ್ದುರ್‍ರಹ್ಮಾನ್ ಎಂದು ನಮ್ಮ ಮಕ್ಕಳಿಗೆ ಪ್ರೀತಿಯಿಂದ ಇಡುವ ಹೆಸರುಗಳಲ್ಲಿರುವ ‘ಅಬ್ದ್’ ಪದದ ಬಹುವಚನವೇ ಅದು. ಅಲ್ಲಾಹನ ಮುಂದೆ ನಮಗೆ ಗೌರವವಾಗಿರುವ ಪದವನ್ನು ಅಲ್ಲಾಹನ ಇನ್ನೊಬ್ಬ ದಾಸನ ಮುಖಕ್ಕೆ ಉಗುಳುವುದೆಂದರೆ ಏನು! ಮಿಶಿಗನ್‌ನ ಕಪ್ಪು ಇಮಾಮರಾದ ದಾವೂದ್ ವಲೀದ್ 2013-14ರ ಸುಮಾರಿಗೆ ಈ ಪದವನ್ನು ಕೈಬಿಡಿ ಎಂದು ಬಹಿರಂಗವಾಗಿ ಆಂದೋಲನ ನಡೆಸಿದರು. ಅಮೆರಿಕದ ಮುಸ್ಲಿಮರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಪ್ಪು ಜನರು. ಮಸೀದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವನೇ ಅಂಗಡಿಗೆ ಬಂದಾಗ ಬೈಗುಳಕ್ಕೆ ಗುರಿಯಾದರೆ ಖುತ್ಬಾದಲ್ಲಿ ಕೇಳಿದ ಹ. ಬಿಲಾಲ್(ರ)ರ ಚರಿತ್ರೆ ಎಲ್ಲಿ ಹೋಯಿತು?

ಇದನ್ನು ಕೇವಲ ಖಂಡಿಸದೆ ಕೆಲಸಕ್ಕಿಳಿದವರು ಶಿಕಾಗೋದವರು. 1997ರಲ್ಲಿ ಸ್ಥಾಪನೆಯಾದ, ‘ಇಮಾನ್’ ಎಂಬ ಚಿಕ್ಕ ಹೆಸರಿನಿಂದ ಪರಿಚಿತವಾದ ಮುಸ್ಲಿಮ್ ಸೇವಾ ಸಂಸ್ಥೆಯು ಮೂಲೆ ಅಂಗಡಿಗಳ ಮಾಲಕರನ್ನೂ ಬೀದಿಯ ನಿವಾಸಿಗಳನ್ನೂ ಮುಖಾಮುಖಿ ಕೂರಿಸಿತು. ಅದರ ನಾಯಕ ರಾಮಿ ನಶಾಶಿಬಿ ಕೂಡಾ ಫೆಲೆಸ್ತೀನ್ ಮೂಲದವರೇ. ತಾಜಾ ಹಣ್ಣು ತರಕಾರಿ ಇಡಿ, ಗಿರಾಕಿಯೊಂದಿಗೆ ಮರ್ಯಾದೆಯಿಂದ ಮಾತಾಡಿ, ನೀವು ವ್ಯಾಪಾರ ಮಾಡುವ ಬೀದಿಯ ಒಳಿತಿನಲ್ಲಿ ಪಾಲುದಾರರಾಗಿ ಎಂಬುದು ಅವರ ಒತ್ತಾಯ. 2022ರಲ್ಲಿ ಅವರೇ ಎಂಗಲ್‌ವುಡ್ ಎಂಬ ಬಡ ಬಡಾವಣೆಯಲ್ಲಿ ತಾಜಾ ಆಹಾರದ ಮಾರುಕಟ್ಟೆಯೊಂದನ್ನು ತೆರೆದರು. ವರ್ಣಭೇದ ವಿರೋಧವೆಂದರೆ ಒಂದು ಒಳ್ಳೆಯ ಟೊಮೆಟೊ ಕೂಡಾ ಹೌದು. ಬಡವರ ಬೀದಿಗೆ ಬಾಡಿದ ತರಕಾರಿ ಸಾಕು ಎಂದುಕೊಳ್ಳುವುದೂ ಭೇದವೇ ತಾನೇ?

ಒಂದೇ ಬಗೆಯ ಉಡುಪು

ಈ ಪಾಠ ನಮಗೆ ಹೊಸದಲ್ಲ. ಹ. ಅಬೂದರ್‍ರ್(ರ)ರವರ ಘಟನೆಯನ್ನು ನೀವು ಕೇಳಿರುತ್ತೀರಿ. ಒಮ್ಮೆ ಅವರು ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಳಿದರು. ಅದು ಹ. ಬಿಲಾಲ್(ರ)ರನ್ನು ಕಪ್ಪು ಹೆಂಗಸಿನ ಮಗನೇ ಎಂದು ಹಳಿದದ್ದು ಎಂದು ವಿದ್ವಾಂಸರು ವಿವರಿಸಿದ್ದಾರೆ. ಅಜ್ಞಾನ ಕಾಲದ ಗುಣ ನಿಮ್ಮಲ್ಲಿ ಇನ್ನೂ ಉಳಿದಿದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಬೇಕು, ಉಡುವುದನ್ನೇ ಉಡಿಸಬೇಕು, ಮೀರಿದ ಹೊರೆ ಹೊರಿಸಬಾರದು ಎಂದು ಕಲಿಸಿದರು.

ವರ್ಷಗಳ ನಂತರ ರಬದಾದಲ್ಲಿ ಹ. ಅಬೂದರ್‍ರ್(ರ)ರನ್ನು ಕಂಡವರಿಗೆ ಆಶ್ಚರ್ಯವಾಯಿತು. ಅವರೂ ಅವರ ಸೇವಕನೂ ಒಂದೇ ಬಗೆಯ ಉಡುಪಿನಲ್ಲಿದ್ದರು. ಕಾರಣ ಕೇಳಿದಾಗಲೇ ಅವರು ಈ ಘಟನೆಯನ್ನು ಹೇಳಿದ್ದು. ನೋಡಿ, ನಾಲಿಗೆಯಿಂದಾದ ತಪ್ಪಿಗೆ ಅವರು ಬರೀ ನಾಲಿಗೆಯಿಂದ ಉತ್ತರ ಕೊಡಲಿಲ್ಲ. ತಮ್ಮ ಪೆಟ್ಟಿಗೆಯ ಬಟ್ಟೆಯಿಂದ, ತಮ್ಮ ಖರ್ಚಿನಿಂದ ಉತ್ತರ ಕೊಟ್ಟರು.

ಖರ್ಚಿಲ್ಲದ ಬೆಂಬಲಕ್ಕೆ ಬೆಲೆಯಿಲ್ಲ. ಮಿನಿಯಾಪೊಲಿಸ್‌ನಲ್ಲೇ ‘ಗಾಂಧಿ ಮಹಲ್’ ಎಂಬ ಹೊಟೇಲಿತ್ತು. ಬಾಂಗ್ಲಾದೇಶದಿಂದ ಬಂದ ರುಹೇಲ್ ಇಸ್ಲಾಮ್ 2008ರಲ್ಲಿ ಅದನ್ನು ತೆರೆದಿದ್ದರು. ಫ್ಲಾಯ್ಡ್ ಹತ್ಯೆಯ ನಂತರದ ಪ್ರತಿಭಟನೆಯಲ್ಲಿ ಗಾಯಗೊಂಡವರ ಶುಶ್ರೂಷೆಗೆ ಅವರು ಹೊಟೇಲಿನ ಒಂದು ಕೋಣೆಯನ್ನು ಬಿಟ್ಟುಕೊಟ್ಟರು. ಕೆಲವೇ ದಿನಗಳಲ್ಲಿ, ಗಲಭೆಯ ಬೆಂಕಿಗೆ ಆ ಹೊಟೇಲೇ ಆಹುತಿಯಾಯಿತು. ನಮ್ಮ ಹೊಟ್ಟೆಗೆ ಹೊಡೆದರಲ್ಲ ಎಂದು ಅವರು ಶಪಿಸಬಹುದಿತ್ತು. ಕಟ್ಟಡ ಉರಿದರೆ ಉರಿಯಲಿ, ನ್ಯಾಯ ಸಿಗಬೇಕು, ಆ ಪೊಲೀಸರು ಜೈಲಿಗೆ ಹೋಗಬೇಕು ಎಂದು ಅವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದನ್ನು ಮಗಳು ಕೇಳಿಸಿಕೊಂಡು ಬರೆದಳು. ಅದು ದೇಶವಿಡೀ ಹಬ್ಬಿತು. ಬೆಂಕಿ ಹಚ್ಚುವುದು ಸರಿಯೆಂದು ಇದರ ಅರ್ಥವಲ್ಲ. ಇಟ್ಟಿಗೆಯನ್ನು ಮತ್ತೆ ಜೋಡಿಸಬಹುದು, ಹೋದ ಜೀವ ಬಾರದು ಎಂಬ ಲೆಕ್ಕ ಅವರಿಗೆ ತಿಳಿದಿತ್ತು, ಅಷ್ಟೇ.

ನಮ್ಮ ಹೊಸ್ತಿಲಿನ ಒಳಗೆ

ಅದು ಅಮೆರಿಕದ ವಿಷಯ, ನಮಗೇನು ಎನ್ನಬೇಡಿ. 2020ರ ಅದೇ ಅಲೆ ನಮ್ಮೂರಿನ ಫ್ಯಾನ್ಸಿ ಅಂಗಡಿಯವರೆಗೂ ಬಂತು. ಹಲವು ದಶಕಗಳ ಕಾಲ ನಮ್ಮ ಹೆಣ್ಣುಮಕ್ಕಳಿಗೆ ಬೆಳ್ಳಗಿದ್ದರೆ ಮಾತ್ರ ಚೆಂದ ಎಂದು ಕಲಿಸಿದ ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಪದ ಅದೇ ವರ್ಷ ಬಿದ್ದು ಹೋಗಿ ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು. ಟ್ಯೂಬಿನ ಹೆಸರೇನೋ ಬದಲಾಯಿತು. ಹೆಣ್ಣು ನೋಡಲು ಬಂದವರ ಕಣ್ಣು ಬದಲಾಯಿತೇ?

2016ರ ಜನವರಿಯ ಕೊನೆಯ ದಿನ ಬೆಂಗಳೂರಿನ ಹೊರವಲಯದಲ್ಲಿ ಸೂಡಾನಿನ ವ್ಯಕ್ತಿಯೊಬ್ಬನ ಕಾರು ಸ್ಥಳೀಯ ಮಹಿಳೆಯೊಬ್ಬರ ಸಾವಿಗೆ ಕಾರಣವಾಯಿತು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಕಾರು ಸುಟ್ಟಿತು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಲಾಸ್ ಏಂಜಲೀಸ್‌ನ ಗಲ್ಲೆಯಲ್ಲಿದ್ದ ತಕ್ಕಡಿಯೇ ಇಲ್ಲಿಯೂ ಇತ್ತು. ಅದಕ್ಕೆ ಬಣ್ಣ ಕಂಡಿತು, ಮನುಷ್ಯಳು ಕಾಣಲಿಲ್ಲ.

ಭೇದದ ರುಚಿ ನಮಗೂ ಗೊತ್ತು. ಹೆಸರು ಕೇಳಿದೊಡನೆ ಬಾಡಿಗೆ ಮನೆ ಖಾಲಿಯಿಲ್ಲ ಎನ್ನಿಸಿಕೊಂಡ ಕುಟುಂಬಗಳು ನಮ್ಮಲ್ಲಿವೆ. 2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಸಿಗಲಿಲ್ಲ. ಬಳೆ, ಆಟಿಕೆ ಮಾರಿ ವರ್ಷದ ಶಾಲಾ ಫೀಸು ಹೊಂದಿಸುತ್ತಿದ್ದವರ ಮನೆಯ ಸ್ಥಿತಿ ಏನಾಗಿರಬೇಡ? ಅಂತಹ ಹೊತ್ತಿನಲ್ಲಿ ಪಕ್ಕದ ಅಂಗಡಿಯವನಿಂದ ನಾವು ಬಯಸುವುದೇನು? ಮರುಕದ ಮಾತನ್ನಲ್ಲ. ಇವರಿಗೂ ಜಾಗ ಕೊಡಿ ಎಂದು ಅವನು ಎಲ್ಲರ ಮುಂದೆ ಒಂದು ಮಾತು ಹೇಳಲಿ ಎಂದು ಬಯಸುತ್ತೇವೆ. ನಾವು ಬಯಸುವುದನ್ನು ಇನ್ನೊಬ್ಬರಿಗೆ ಕೊಡಲು ಕಲಿಯುವುದು ನ್ಯಾಯವಲ್ಲವೇ? ತುಳಿತಕ್ಕೊಳಗಾದವರು ತುಳಿಯುವುದಿಲ್ಲ ಎಂಬುದು ನಿಜವಲ್ಲ. ನೆಲ ಕಳಕೊಂಡು ಬಂದ ಅಂಗಡಿಯವನ ಬಾಯಲ್ಲೂ ‘ಅಬೀದ್’ ಪದ ಇತ್ತು.

ನಿಮ್ಮಲ್ಲಿ ಅನೇಕರು ಇಂದು ಮನೆಯಲ್ಲೇ ವ್ಯಾಪಾರ ಮಾಡುತ್ತೀರಿ. ಹೊಲಿಗೆ, ಮೆಹಂದಿ, ಬ್ಯೂಟಿ ಪಾರ್ಲರ್, ತಿಂಡಿ ತಯಾರಿ, ಮೊಬೈಲಿನಲ್ಲೇ ಬಟ್ಟೆ ಮಾರಾಟ. ನಿಮ್ಮ ಹೊಸ್ತಿಲೇ ಒಂದು ಅಂಗಡಿ, ನೀವೇ ಅದರ ಮಾಲಕಿ. ಹಾಗಾದರೆ ಮೊದಲು ನಿಮ್ಮ ನಾಲಿಗೆಯನ್ನು ನೋಡಿಕೊಳ್ಳಿ. ನಿನ್ನ ಬಣ್ಣಕ್ಕೆ ಇದು ಒಪ್ಪುವುದಿಲ್ಲ ಎಂಬ ಒಂದು ಮಾತನ್ನು ಮದುಮಗಳು ಎಷ್ಟೋ ವರ್ಷ ಮರೆಯಲಾರಳು. ಆಮೇಲೆ ನಿಮ್ಮ ಅಡುಗೆ ಮನೆಯ ಲೋಟವನ್ನು ನೋಡಿ. ಕೆಲಸಕ್ಕೆ ಬರುವವಳ ಲೋಟ ಬೇರೆ ಇದೆಯೇ? ಅವಳ ಕೈಯಿಂದ ಒಡೆದ ಪಾತ್ರೆಯ ಬೆಲೆಯನ್ನು ಅವಳ ಸಂಬಳದಿಂದಲೇ ಹಿಡಿಯುತ್ತೀರಾ? ಕಾಣೆಯಾದ ಐನೂರರ ನೋಟಿಗೆ ಮೊದಲು ಯಾರ ಹೆಸರು ಬಾಯಿಗೆ ಬರುತ್ತದೆ? ಆ ನೋಟು ಆಮೇಲೆ ಮಗನ ಅಂಗಿ ಜೇಬಿನಲ್ಲಿ ಸಿಕ್ಕಾಗ ಅವಳಲ್ಲಿ ಕ್ಷಮೆ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಮನೆಯ ಮೇಲ್ಮಹಡಿ ಬಾಡಿಗೆಗಿದ್ದು, ಕೇಳಲು ಬಂದ ಹುಡುಗಿ ಆಫ್ರಿಕಾದವಳಾದರೆ, ಈಶಾನ್ಯ ರಾಜ್ಯದವಳಾದರೆ, ಬೇರೆ ಜಾತಿಯವಳಾದರೆ ನಿಮ್ಮ ಉತ್ತರವೇನು? ಗಂಡಸರ ವ್ಯಾಪಾರದಲ್ಲೂ ನಿಮ್ಮ ಮಾತು ನಡೆಯುತ್ತದೆ. ರಾತ್ರಿ ಊಟಕ್ಕೆ ಬಡಿಸುವಾಗ ಇಂದು ಲಾಭವೆಷ್ಟು ಎಂದು ಕೇಳುತ್ತೀರಲ್ಲ, ಕೆಲಸದ ಹುಡುಗ ಉಂಡನೇ ಎಂದೂ ಒಮ್ಮೆ ಕೇಳಿ.

ಎಚ್ಚರಿಕೆಯೇ ಬೇಡ, ಎಲ್ಲರನ್ನೂ ಕಣ್ಣು ಮುಚ್ಚಿ ನಂಬಿ ಎಂದು ಯಾರೂ ಹೇಳುವುದಿಲ್ಲ. ಬೀಗ ಹಾಕಿ, ಲೆಕ್ಕ ಬರೆಯಿರಿ, ನೋಟನ್ನು ಬೆಳಕಿಗೆ ಹಿಡಿದು ನೋಡಿ. ಆದರೆ ಎಲ್ಲರ ನೋಟನ್ನೂ ಹಿಡಿದು ನೋಡಿ. ಒಬ್ಬರ ನೋಟನ್ನು ಮಾತ್ರ ನೋಡುವುದಾದರೆ ಅದು ಎಚ್ಚರಿಕೆಯಲ್ಲ, ಅಳತೆಯಲ್ಲಿ ಮಾಡುವ ವಂಚನೆ. ಅಕ್ಕಿಯ ತೂಕದಲ್ಲಿ ಒಂದು ಹಿಡಿ ಕಡಿಮೆಯಾದರೆ ನಾಳೆ ಕೊಟ್ಟು ತೀರಿಸಬಹುದು. ಮರ್ಯಾದೆಯ ತೂಕದಲ್ಲಿ ಕಡಿಮೆ ಮಾಡಿದ್ದನ್ನು ಕೊಟ್ಟು ತೀರಿಸಲು ಆ ಗಿರಾಕಿ ನಾಳೆ ನಮ್ಮ ಹೊಸ್ತಿಲಿಗೆ ಬರುತ್ತಾಳೆಂಬ ಭರವಸೆ ಯಾರಿಗಿದೆ?